ಮನೆ ಕೊಳ್ಳಲು ಹೊರಟವರು ವಕೀಲರನ್ನು ಹುಡುಕಿದ್ದು

ಕಾಲು ಕಿಲೋ ಬದನೆಕಾಯಿ ಕೊಳ್ಳಲು ನನಗೆ ಕಾಲು ಗಂಟೆ ಬೇಕು. ಹುಣಸೂರಿನ ಸಂತೆಯಲ್ಲಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಯನ್ನು ಎತ್ತಿ, ತೊಟ್ಟು ಹಸಿರಾಗಿದೆಯೇ ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿ, ಹುಳುವಿನ ತೂತು ಎಲ್ಲಾದರೂ ಅಡಗಿದೆಯೇ ಎಂದು ಬೆಳಕಿಗೆ ತಿರುಗಿಸಿ, ಕೊನೆಗೆ ಮೂರರಲ್ಲಿ ಎರಡನ್ನು ಹಿಂದಕ್ಕೆ ಹಾಕುತ್ತೇನೆ. ಮಾರುವ ಹೆಂಗಸಿಗೆ ಇದೆಲ್ಲ ಅಭ್ಯಾಸವಾಗಿಹೋಗಿದೆ. "ಏನ್ ಮೇಡಮ್ಮೋರೇ, ಮಗ್ಳಿಗೆ ಗಂಡ್ ನೋಡ್ದಂಗೆ ನೋಡ್ತೀರಲ್ಲ, ಬದ್ನೇಕಾಯಿ ಕಣ್ರವ್ವಾ ಅದು" ಎಂದು ನಗುತ್ತಾಳೆ. ಇಷ್ಟೆಲ್ಲ ಜಾಗ್ರತೆಯ ನಾನು, ನನ್ನ ಜೀವಮಾನದ ಮೊದಲ ಮತ್ತು ಬಹುಶಃ ಕೊನೆಯ ಮನೆಯ ಕಾಗದಪತ್ರ ನೋಡಲು ವಕೀಲರೊಬ್ಬರನ್ನು ಐದೇ ನಿಮಿಷದಲ್ಲಿ ಆರಿಸಿಕೊಂಡೆ ಎಂದರೆ ನೀವು ನಂಬಬೇಕು. ಅದೂ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಪಾಯಸ ಬಂದುಹೋಗಿ ಮೊಸರು ಇನ್ನೂ ಬಾರದಿದ್ದ ಬಿಡುವಿನಲ್ಲಿ.

ನಾನು ಕಂಪಲಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಾಸ ಹುಣಸೂರಿನಲ್ಲಿ, ದಿನವೂ ಬಸ್ಸಿನ ಓಡಾಟ. ನಮ್ಮ ಮನೆಯವರು ಮಹದೇವ, ವಿದ್ಯುತ್ ಇಲಾಖೆಯ ಲೈನ್‌ಮನ್. ಊರಿನ ಅರ್ಧ ಮನೆಗಳನ್ನು ಬಾಗಿಲಿನಿಂದ ನೋಡುವ ಮೊದಲು ಕಂಬದ ಮೇಲಿನಿಂದ ನೋಡಿದವರು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾವು ಐದು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದೇವೆ. ಬಾಡಿಗೆ ಮನೆಯ ಕಷ್ಟವೆಂದರೆ ನೀರು, ಗಾಳಿ, ಬೆಳಕು ಎಂದು ಜನ ಹೇಳುತ್ತಾರೆ. ನನಗೆ ಕಷ್ಟವಾದದ್ದು ಮೊಳೆ. ಒಂದು ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯಬೇಕಾದರೆ ಮಾಲೀಕರನ್ನು ಕೇಳಬೇಕು, ಕೇಳಲು ಸಂಕೋಚವಾಗಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಬೇಕು, ಗಾಳಿ ಬಂದಾಗಲೆಲ್ಲ ತಿಂಗಳುಗಳು ತಾವಾಗಿಯೇ ಮುಂದಕ್ಕೆ ಹಾರುವುದನ್ನು ನೋಡುತ್ತಾ ಇರಬೇಕು. ಸ್ವಂತ ಮನೆ ಎಂದಾಗ ದೊಡ್ಡವರಿಗೆ ಏನೇನೋ ಕಣ್ಣಿಗೆ ಬರುತ್ತದಂತೆ. ನನಗೆ ಬರುತ್ತಿದ್ದದ್ದು ಸುತ್ತಿಗೆ.

ಹೀಗಿರುವಾಗ ಐದನೆಯ ಮನೆಯ ಮಾಲೀಕರು, ಸಂಭಾವಿತರು, ಮಗನ ಸಂಸಾರ ಊರಿಗೆ ಬರುತ್ತದೆ, ಯುಗಾದಿಯೊಳಗೆ ಮನೆ ಬಿಟ್ಟುಕೊಡಿ ಎಂದು ಕೈಮುಗಿದು ಕೇಳಿದರು. ಕೈಮುಗಿದು ಕೇಳಿದವರೊಡನೆ ಜಗಳವಾಡಲೂ ಆಗುವುದಿಲ್ಲ ನೋಡಿ. ಆರನೆಯ ಬಾಡಿಗೆ ಮನೆಗೆ ಹೋಗುವುದಿಲ್ಲ ಎಂದು ನಾನು ಅಂದೇ ಹಟ ಹಿಡಿದೆ. ಬ್ಯಾಂಕಿನವರು ನನ್ನ ಸಂಬಳದ ಚೀಟಿ ನೋಡಿ ಸಾಲ ಕೊಡುವುದಾಗಿ ತಲೆಯಾಡಿಸಿದರು. ಆ ತಲೆಯಾಟಕ್ಕೂ ಒಂದು ವಾಯಿದೆ ಇತ್ತು. ಯುಗಾದಿ ದಾಟಿದರೆ ಮತ್ತೆ ಮೊದಲಿನಿಂದ ಅರ್ಜಿ.

ಮನೆ ಸಿಕ್ಕಿದ್ದು ಲಕ್ಷ್ಮಣತೀರ್ಥ ಹೊಳೆಗೆ ನಾಲ್ಕು ಬೀದಿ ಈಚೆ. ಹಿಟ್ಟಿನ ಗಿರಣಿಯ ಶಿವಣ್ಣ ಎಂಬವರದು, ಅವರ ತಂದೆ ಹೊಗೆಸೊಪ್ಪು ಬೆಳೆದು ಚೆನ್ನಾಗಿ ಕೈಗೆ ಹತ್ತಿದ ಕಾಲದಲ್ಲಿ ಕಟ್ಟಿಸಿದ್ದು. ಎರಡು ಕೋಣೆ, ಪೂರ್ವಕ್ಕೆ ಕಿಟಕಿಯಿರುವ ಅಡಿಗೆಮನೆ, ಹಿತ್ತಿಲಲ್ಲಿ ಕರಿಬೇವಿನ ಗಿಡದ ನೆರಳಿಗೆ ಒಂದು ಬಟ್ಟೆ ಒಗೆಯುವ ಕಲ್ಲು. ಮುಂಬಾಗಿಲಿನ ಮೇಲೆ ಸಿಮೆಂಟಿನಲ್ಲಿ ಎತ್ತಿದ ಅಕ್ಷರಗಳು, ಅತ್ತಿತ್ತ ಒಂದೊಂದು ಕಮಲ: ಸಾವಿತ್ರಿ ನಿಲಯ. ಮಹದೇವ ಮೀಟರಿನ ಪೆಟ್ಟಿಗೆ ತೆರೆದು ನೋಡಿ, ಅರ್ಥಿಂಗ್ ಸರಿಯಾಗಿದೆ ಎಂದು ಮನೆಯ ಕುಲಗೋತ್ರಗಳನ್ನೆಲ್ಲ ಒಪ್ಪಿಕೊಂಡುಬಿಟ್ಟರು. ನಾನು ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು, ಗೋಡೆಯ ಮೇಲೆ ಕೈಯಾಡಿಸಿ, ಮೊಳೆ ಎಲ್ಲೆಲ್ಲಿ ಎಂದು ಲೆಕ್ಕ ಹಾಕತೊಡಗಿದ್ದೆ. ಆ ಹೆಸರಿನ ಕೆಳಗೆ ನಾನು ಆಮೇಲೆ ಹತ್ತು ಸಲವಾದರೂ ಹಾದುಹೋಗಿದ್ದೇನೆ. ಯಾರೋ ಅಜ್ಜಿಯದಿರಬೇಕು ಎಂದುಕೊಂಡದ್ದು ಬಿಟ್ಟರೆ ಆ ಬಗ್ಗೆ ಇನ್ನೇನೂ ಯೋಚಿಸಲಿಲ್ಲ.

ಇನ್ನು ವಕೀಲರು. ಮನೆ ಕೊಳ್ಳುತ್ತೇವೆ ಎಂದು ಒಬ್ಬರ ಕಿವಿಗೆ ಹಾಕಿ ನೋಡಿ. ನಮ್ಮ ಕಡೆಯ ಪ್ರತಿಯೊಬ್ಬರ ಬಳಿಯೂ ಒಬ್ಬ ವಕೀಲರು ಸಿದ್ಧವಾಗಿರುತ್ತಾರೆ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ತಮ್ಮ ಷಡ್ಡಕನ ಹೆಸರು ಹೇಳಿದರು. ಪಿರಿಯಾಪಟ್ಟಣದಿಂದ ಬರುವ ಹಿಂದಿ ಟೀಚರು ತಮ್ಮ ಊರಿನವರೊಬ್ಬರ ಹೆಸರು ಹೇಳಿದರು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸೊಬ್ಬರು, ಕೇಳದೆಯೇ, ರಾವಂದೂರಿನ ತಮ್ಮ ಮೈದುನನ ಫೋನ್ ನಂಬರನ್ನು ನನ್ನ ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು. ಇವರೆಲ್ಲರೂ ತಮ್ಮ ತಮ್ಮ ವಕೀಲರ ಬಗ್ಗೆ ಹೇಳಿದ ಗುಣ ಒಂದೇ: "ನಮ್ಮೋರು." ಅವರು ಕಾಗದ ಹೇಗೆ ಓದುತ್ತಾರೆ, ಎಷ್ಟು ಪ್ರಶ್ನೆ ಕೇಳುತ್ತಾರೆ, ಯಾರ ಪರವಾಗಿ ಕೇಳುತ್ತಾರೆ ಎಂದು ಯಾರೂ ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ನಮ್ಮವರು ಎಂದಮೇಲೆ ಮತ್ತೆ ಪ್ರಶ್ನೆ ಕೇಳುವುದು ನಮ್ಮಲ್ಲಿ ಅಷ್ಟು ಮರ್ಯಾದೆಯಲ್ಲ. ಡಾಕ್ಟರು, ದರ್ಜಿ, ಚಿನ್ನದಂಗಡಿ ಎಲ್ಲವನ್ನೂ ನಾವು ಹೀಗೆಯೇ ಹಿಡಿದವರು, ಮತ್ತು ಸತ್ಯ ಹೇಳಬೇಕೆಂದರೆ ಬಹಳ ಸಲ ಚೆನ್ನಾಗಿಯೇ ಬದುಕಿದ್ದೇವೆ.

ಮದುವೆಯ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದವರು ನನ್ನ ಚಿಕ್ಕಮ್ಮನ ಅಳಿಯನ ಅಣ್ಣ. ನಾವೆಲ್ಲ ವಕೀಲ ಭಾವ ಎನ್ನುತ್ತೇವೆ. ನಗುಮುಖ, ದೊಡ್ಡ ದನಿ, ಯಾರ ಮನೆಯ ಕಾರ್ಯವಾದರೂ ಕೊನೆಯ ಪಂಕ್ತಿಯವರೆಗೆ ನಿಂತು ಬಡಿಸುವ ಮನುಷ್ಯ. ಶಿವಣ್ಣನವರ ಮನೆ ಎಂದೊಡನೆ ಅವರ ಮುಖ ಅರಳಿತು.

"ಶಿವಣ್ಣನ್ ಮನೆಯಾ? ಅಯ್ಯೋ, ಅವುನ್ ಕಾಗ್ದ ಪತ್ರ ಎಲ್ಲಾ ನಾನೇ ಮಾಡ್ಸಿರಾದು ಕಣಮ್ಮ. ಏನೂ ತೊಂದ್ರೆ ಇಲ್ಲ. ಎಲ್ಡ್ ಕಡೆಗೂ ನಾನೇ ಇವ್ನಿ ಅಂದ್ಮೇಲೆ ಇನ್ನೇನು? ಜಗಳಾನೇ ಇರಾಕಿಲ್ಲ. ಕಣ್ ಮುಚ್ಕಂಡ್ ತಗೋ ಬುಡು."

ನಾನು ಅಕ್ಷರಶಃ ಕಣ್ಣು ಮುಚ್ಚಿಕೊಂಡೆ. ಪಾಯಸ ಅಷ್ಟು ಚೆನ್ನಾಗಿತ್ತು. ಪ್ರಶ್ನೆಪತ್ರಿಕೆ ಬರೆದವನೇ ಉತ್ತರವನ್ನೂ ಬರೆದು ಅಂಕವನ್ನೂ ಹಾಕುತ್ತೇನೆ ಎಂದರೆ ಶಾಲೆಯಲ್ಲಿ ನಾನು ಒಪ್ಪುವವಳಲ್ಲ. ಆದರೆ ಅಲ್ಲಿ, ಎಲೆಯ ಮುಂದೆ, ಎರಡೂ ಕಡೆಗೂ ಒಬ್ಬರೇ ವಕೀಲರು ಎಂಬುದು ನನಗೆ ಎಷ್ಟು ಸಮಾಧಾನದ ಸಂಗತಿಯಾಗಿ ಕಂಡಿತೆಂದರೆ ಮನಸ್ಸಿನಲ್ಲೇ ಒಂದು ಹೊರೆ ಇಳಿಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರು ಕೂಡ ಫೋನ್ ಮಾಡಿ, "ನಮ್ಮ ವಕೀಲರು ಕಾಗದ ನೋಡಿ ಒಪ್ಪಿದ್ದಾರೆ ಮೇಡಂ" ಎಂದರು. ಅವರು 'ನಮ್ಮ' ಎಂದದ್ದರಲ್ಲಿ ನಾನು ನನ್ನನ್ನೂ ಸೇರಿಸಿಕೊಂಡೆ. ಬ್ಯಾಂಕಿನ ವಕೀಲರು ಕಾಯುವುದು ಬ್ಯಾಂಕಿನ ಹಿತವನ್ನು, ಅವರ ಕೈಯಲ್ಲಿರುವುದು ಒಂದು ಪಟ್ಟಿ, ಪಟ್ಟಿಯಲ್ಲಿರುವ ಕಾಗದಗಳೆಲ್ಲ ಬಂದರೆ ಅವರ ಕೆಲಸ ಮುಗಿಯುತ್ತದೆ ಎಂಬುದೆಲ್ಲ ನನಗೆ ಆಗ ಹೊಳೆಯಲಿಲ್ಲ. ಇಬ್ಬರು ವಕೀಲರು ನೋಡಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಇಬ್ಬರಲ್ಲಿ ಒಬ್ಬರೂ ನನ್ನ ಪರವಾಗಿ ನೋಡಿರಲಿಲ್ಲ.

ನಮ್ಮ ಅದೃಷ್ಟ ಕಂಬದ ಮೇಲಿತ್ತು. ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಮಹದೇವ ತಂತಿ ಬಿಗಿಯುತ್ತಿದ್ದಾಗ ಕೆಳಗೆ ಇಬ್ಬರು ಸೈಟಿನ ದಲ್ಲಾಳಿಗಳು ಟೀ ಕುಡಿಯುತ್ತಾ ಮಾತಾಡುತ್ತಿದ್ದರಂತೆ. ನಮ್ಮ ವಕೀಲ ಭಾವನ ಹೆಸರೆತ್ತಿ, ಅವರ ಬಳಿ ಹೋದರೆ ಕೆಲಸ ಹೂವಿನಷ್ಟು ಹಗುರ ಎಂದು ಹೊಗಳಿದರಂತೆ. ಆಮೇಲೆ ಒಬ್ಬಾತ, "ಆ ಸರೋಜಮ್ಮನ್ ತಾವ್ ಮಾತ್ರ ಓಗ್ಬ್ಯಾಡ ಕಣ್ಲಾ. ಆವಮ್ಮ ನೂರೆಂಟ್ ಕೇಳ್ತಾಳೆ. ಓದ್ ವರ್ಸ ನನ್ ಎಲ್ಡ್ ಯಾಪಾರ ಕೆಡಿಸ್ಬುಟ್ಲು" ಎಂದು ಕೋರ್ಟ್ ರಸ್ತೆಯ ಸರೋಜಮ್ಮ ಎಂಬ ವಕೀಲರನ್ನು ಮನಸಾರೆ ಶಪಿಸಿದನಂತೆ. ಮಹದೇವ ಮಧ್ಯಾಹ್ನ ಊಟಕ್ಕೆ ಬಂದವರು ಅನ್ನ ಕಲೆಸುತ್ತಾ, "ದಲ್ಲಾಳಿಗಳು ಒಗಳೋ ಲಾಯರ್ರು ನಮಗ್ಯಾಕೆ? ಎಲ್ಡ್ ಮನೆ ಲೈನ್ನ ಒಂದೇ ಫ್ಯೂಸ್ಗೆ ಆಕ್ದಂಗಾಯ್ತು ನಮ್ದು. ನಂಗ್ಯಾಕೋ ಸರಿ ಕಾಣ್ತಿಲ್ಲ ಕಣೇ. ದಲ್ಲಾಳಿಗಳು ಬೈಯೋ ಲಾಯರ್ರನ್ನ ಇಡ್ಯಾಣ" ಎಂದರು. ವಕೀಲರನ್ನು ಆರಿಸುವ ಬಗ್ಗೆ ನನಗೆ ಸಿಕ್ಕ ಬುದ್ಧಿಮಾತುಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀವೂ ಬೇಕಾದರೆ ಇಟ್ಟುಕೊಳ್ಳಿ.

ಸರೋಜಮ್ಮನವರ ಕೋಣೆ ಗೊಬ್ಬರದಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಯೂರಿಯಾದ ಘಾಟಿಗೆ ಕಣ್ಣಲ್ಲಿ ನೀರು. ಐವತ್ತೈದು ದಾಟಿದ ತೆಳ್ಳನೆಯ ಹೆಂಗಸು, ಕನ್ನಡಕಕ್ಕೆ ದಾರ, ಮೇಜಿನ ಮೇಲೆ ಒಂದು ಹೂಜಿ ನೀರು. ನಾನು ಕಡತ ಮುಂದಿಟ್ಟೆ. ಅವರು ಅದನ್ನು ತೆರೆಯದೆ ನನ್ನ ಮುಖ ನೋಡಿದರು.

"ಈ ಮನೆ ನಿಮಗೆ ತುಂಬಾ ಇಷ್ಟ ಆಗ್ಬಿಟ್ಟಿದ್ಯಾ?"

"ಹೌದು" ಎಂದೆ.

"ಹಾಗಾದ್ರೆ ನಾನು ಹೇಳೋದು ಕೆಲವು ನಿಮಗೆ ಇಷ್ಟ ಆಗೋಲ್ಲ. ಆಮೇಲೆ ಬೇಜಾರು ಮಾಡ್ಕೋಬೇಡಿ." ಅಷ್ಟು ಹೇಳಿ ಕಡತ ಬಿಚ್ಚಿದರು. ಕ್ರಯಪತ್ರ, ಖಾತೆ, ಋಣಭಾರ ಪತ್ರ, ವಂಶವೃಕ್ಷ, ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ, ಬೆನ್ನಿನ ಮೊಹರನ್ನೂ ಬಿಡದೆ ಓದಿದರು. ಒಂದು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅವರು ಮಾತಾಡಿದ್ದು ಒಂದೇ ಸಲ, ನೀರು ಬೇಕೇ ಎಂದು ಕೇಳಲು. ಕೊನೆಗೆ, "ಭಾನುವಾರ ಮನೆ ನೋಡೋಣ. ಕಾಗದದಲ್ಲಿ ಇಲ್ಲದ್ದು ಕೆಲವು ಸಲ ಮನೇಲಿ ಇರುತ್ತೆ" ಎಂದರು. ಮನೆ ನೋಡುವ ವಕೀಲರನ್ನು ನಾನು ಕೇಳಿಯೇ ಇರಲಿಲ್ಲ.

ಭಾನುವಾರ ಆಟೋ ಇಳಿದವರೇ ಒಳಗೂ ಬಾರದೆ ಗೇಟಿನಲ್ಲಿ ನಿಂತು ತಲೆಯೆತ್ತಿದರು. ಶಿವಣ್ಣನವರು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಎದುರುಗೊಂಡಿದ್ದರು.

"ವಂಶವೃಕ್ಷದಲ್ಲಿ ನಿಮ್ಮ ತಾಯಿ ಹೆಸರು ಚೆನ್ನಮ್ಮ ಅಂತಿದೆ. ನಿಮ್ಮ ಹೆಂಡ್ತಿ ಪಾರ್ವತಿ. ಈ ಸಾವಿತ್ರಿ ಯಾರು?"

"ನಮ್ಮಕ್ಕ ಕಣ್ರಮ್ಮ" ಎಂದರು ಶಿವಣ್ಣ, ಯಾವ ಅಳುಕೂ ಇಲ್ಲದೆ. "ಅವ್ಳಿಗ್ ಐದ್ ವರ್ಸ ಇದ್ದಾಗ ನಮ್ಮಪ್ಪ ಮನೆ ಕಟ್ಟುದ್ದು. ಅವ್ಳು ಅಂದ್ರೆ ಪ್ರಾಣ ಅವುಂಗೆ. ನಾನಿನ್ನೂ ಉಟ್ಟೇ ಇರ್ನಿಲ್ಲ."

"ಇದ್ದಾರಾ?"

"ಅಯ್ಯೋ, ಕಲ್ಗುಂಡ್ ಇದ್ದಂಗವ್ಳೆ. ಎಗ್ಗಡದೇವನಕೋಟೆ ತಾವ್ ಕೊಟ್ಟಿರಾದು. ಮದ್ವೆ ಆಗ್ ಓದೋಳ್ ಯೆಸ್ರು ಯಾಕೆ ಅಂತ ವಂಸವೃಕ್ಸಕ್ಕೆ ಬರ್ಸ್ನಿಲ್ಲ. ಅವ್ಳು ಅಪ್ಪ ತೀರ್ಕಂಡಾಗ್ಲೇ ಅರಿಸಿನ ಕುಂಕುಮಕ್ಕೆ ಬುಟ್ಕೊಟ್ಟವ್ಳೆ. ಬಾಯ್ ಮಾತು ಅಂದ್ರೆ ಮಾತೇ ಕಣ್ರಮ್ಮ."

ಅರಿಶಿನ ಕುಂಕುಮಕ್ಕೆ ಬಿಟ್ಟುಕೊಡುವುದು ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತಂದೆಯ ಆಸ್ತಿಯಲ್ಲಿ ತನ್ನ ಪಾಲು ತನಗೆ ಬೇಡ, ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ತವರಿನಿಂದ ಅರಿಶಿನ, ಕುಂಕುಮ, ಒಂದು ಸೀರೆ ಬಂದರೆ ಸಾಕು ಎಂದು ಹೆಣ್ಣುಮಗಳು ಹೇಳುವುದು. ಹಾಗೆ ಹೇಳಿದವಳನ್ನು ಊರು ಒಳ್ಳೆಯವಳು ಎನ್ನುತ್ತದೆ. ಹೇಳದವಳ ಬಗ್ಗೆ ಏನೆನ್ನುತ್ತದೆ ಎಂಬುದು ಹೇಳುವವಳಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾನೂ ಒಳ್ಳೆಯವಳೇ. ಕೃಷ್ಣರಾಜನಗರದ ಹತ್ತಿರ ನಮ್ಮ ತವರಿನ ಗದ್ದೆಯ ಕಾಗದಕ್ಕೆ ನಾನು ರುಜು ಹಾಕಿದ್ದು ಅಣ್ಣನ ಸ್ಕೂಟರಿನ ಸೀಟಿನ ಮೇಲೆ, ಬಸ್ಸು ಬರುವ ಹೊತ್ತಾಗಿದೆ ಎಂಬ ಅವಸರದಲ್ಲಿ. ಅಣ್ಣ ಒಳ್ಳೆಯವನು, ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ದಿನವೂ ಹೇಳುವ ನಾನು ಆ ಹಾಳೆಯನ್ನು ಒಂದು ಸಲವೂ ಓದಿರಲಿಲ್ಲ.

ಸರೋಜಮ್ಮನವರು ನನ್ನನ್ನು ಪಕ್ಕಕ್ಕೆ ಕರೆದರು. ತಂದೆ ಉಯಿಲು ಬರೆದಿಲ್ಲ, ತಾಯಿಯೂ ಇಲ್ಲ, ಮಕ್ಕಳು ಇಬ್ಬರೇ, ಆದ್ದರಿಂದ ಈ ಮನೆಯಲ್ಲಿ ಅರ್ಧ ಆಕೆಯದು. ಆಕೆಯ ರುಜು ಇಲ್ಲದೆ ನೀವು ಕೊಂಡರೆ ಅರ್ಧ ಮನೆಗೆ ಸಾಲ ತೀರಿಸುತ್ತೀರಿ, ಇನ್ನರ್ಧಕ್ಕೆ ಕೋರ್ಟಿಗೆ ಓಡಾಡುತ್ತೀರಿ ಎಂದರು. ಗಣಿತದವಳಿಗೆ ಅರ್ಥವಾಗುವಂತೆಯೇ ಹೇಳಿದರು. ನನಗೆ ಅಳು ಬಂತು. ಯುಗಾದಿಗೆ ಎರಡು ತಿಂಗಳೂ ಇರಲಿಲ್ಲ, ಅರಸೀಕೆರೆ ಕಡೆಯವರೊಬ್ಬರು ಇದೇ ಮನೆಯನ್ನು ನೋಡಿಕೊಂಡು ಹೋಗಿದ್ದರು, ಮತ್ತು ನಾನು ಮನಸ್ಸಿನಲ್ಲೇ ಎಂಟು ಮೊಳೆ ಹೊಡೆದಾಗಿತ್ತು.

ಮುಂದಿನ ವಾರ ನಾವು ಮೂವರು ಬಾಡಿಗೆ ಕಾರಿನಲ್ಲಿ ಹೊರಟೆವು: ಶಿವಣ್ಣ, ಸರೋಜಮ್ಮ, ನಾನು. ಶಿವಣ್ಣನವರ ತೊಡೆಯ ಮೇಲೊಂದು ಹೊಸ ಚೀಲ, ಅದರೊಳಗೆ ಅಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಸಿ ಕೊಂಡ ಸೀರೆ, ಬಳೆ, ಅರಿಶಿನ, ಕುಂಕುಮ, ಬಾಳೆಹಣ್ಣು. ಎಚ್.ಡಿ. ಕೋಟೆ ದಾಟಿ, ಕಾಡಿನಂಚಿಗೆ ಹೋಗುವ ರಸ್ತೆಯಲ್ಲಿ, ಕೊಯ್ಲು ಮುಗಿದ ರಾಗಿ ಹೊಲಗಳ ನಡುವೆ ಆಕೆಯ ಮನೆ. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು ಜಗಲಿಯಲ್ಲಿ ಒಂದು ಗುಡ್ಡೆ ಅವರೆಕಾಯಿಯ ಮುಂದೆ ಕೂತಿದ್ದರು. ತಮ್ಮನನ್ನು ಕಂಡು ಎದ್ದರು, ನಮ್ಮನ್ನು ಕಂಡು ಮತ್ತೆ ಕೂತರು, ಕಾಫಿ ಕೊಟ್ಟರು, ಆಮೇಲೆ ಅವರೆಕಾಯಿಯ ಗುಡ್ಡೆಯನ್ನು ನಮ್ಮೆಲ್ಲರ ನಡುವೆ ನೂಕಿದರು. ಅವರೆಯ ಕಾಲದಲ್ಲಿ ನಮ್ಮ ಕಡೆಯ ಜಗಲಿಯಲ್ಲಿ ಸುಮ್ಮನೆ ಕೂರಲು ಯಾರಿಗೂ ಅನುಮತಿಯಿಲ್ಲ. ಹೀಗಾಗಿ ಆಸ್ತಿಹಕ್ಕಿನ ಈ ಮಾತುಕತೆ ನಡೆದದ್ದು ಎಂಟು ಕೈಗಳು ಕಾಯಿ ಸುಲಿಯುತ್ತಿದ್ದಾಗ.

ಶಿವಣ್ಣ ಚೀಲ ಮುಂದಿಟ್ಟರು. ಸಾವಿತ್ರಮ್ಮ ಅದನ್ನು ಮುಟ್ಟದೆ ನನ್ನ ಕಡೆ ತಿರುಗಿದರು.

"ಮೂರ್ ವರ್ಸಾಯ್ತು ಕಣ್ರವ್ವಾ. ಗೌರಿ ಅಬ್ಬ ಬಂದ್ರೆ ನಮ್ ತಮ್ಮ ಫೋನ್ಗೆ ದುಡ್ ಆಕ್ತಾನೆ. ಟಿಣ್ ಅಂತದೆ, ಮುಗೀತು. ಅರಿಸಿನ ಕುಂಕುಮ ಫೋನೊಳಿಕ್ಕೆ ಬತ್ತದಾ?"

"ಗಿರಣಿ ಬುಟ್ ಬರಾಕಾಗಕಿಲ್ಲ ಅಕ್ಕ" ಎಂದರು ಶಿವಣ್ಣ, ಅವರೆಕಾಯಿಗೆ.

"ಅಬ್ಬದ್ ದಿನ ಯಾರ್ಲಾ ಇಟ್ಟು ಬೀಸಿಸ್ತಾರೆ?"

ಸರೋಜಮ್ಮನವರು ನಗಲಿಲ್ಲ. ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ ಹೇಳತೊಡಗಿದರು. "ಅಮ್ಮಾ, ನಾನು ಮನೆ ಕೊಳ್ಳೋ ಈ ಮೇಡಂ ಅವರ ವಕೀಲೆ. ನಿಮ್ಮ ವಕೀಲೆ ಅಲ್ಲ, ಅದನ್ನ ಮೊದ್ಲು ತಿಳ್ಕೊಳ್ಳಿ. ಹುಣಸೂರಿನ ಮನೇಲಿ ಅರ್ಧ ನಿಮ್ಮದು. ಬಿಟ್ಟುಕೊಡ್ತೀನಿ ಅಂದ್ರೆ ಬಿಡಬಹುದು, ಬೇಕು ಅಂದ್ರೆ ತಗೋಬಹುದು. ಯಾರಿಗೂ ಹೆದರಬೇಕಾಗಿಲ್ಲ. ಕೋಟೆಯಲ್ಲಿ ನಿಮಗೆ ಬೇಕಾದ ವಕೀಲರನ್ನ ಕೇಳಿ, ಆಮೇಲೆ ಹೇಳಿ."

ನನ್ನೊಳಗೆ ಬೆಂಕಿ ಹತ್ತಿತು. ನಾನು ಗೊತ್ತು ಮಾಡಿದ ವಕೀಲೆ, ನನ್ನ ಪಕ್ಕದಲ್ಲೇ ಕೂತು, ನಾನು ಬಾಡಿಗೆ ತೆತ್ತ ಕಾರಿನಲ್ಲಿ ಬಂದು, ಬಿಟ್ಟುಕೊಡಲು ಸಿದ್ಧವಾಗಿದ್ದ ಹೆಂಗಸಿಗೆ ಬಿಡಬೇಡ ಎಂದು ಹೇಳಿಕೊಡುತ್ತಿದ್ದಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಸಾವಿತ್ರಮ್ಮನವರ ಕೈ ನಿಂತಿತ್ತು.

"ಅರ್ಧವಾ?" ಎಂದರು. "ಅಪ್ಪ ಸತ್ತಾಗ ಇದ್ನ ಯಾರೂ ನಂಗೆ ಯೋಳ್ನಿಲ್ಲ. ಬೇಕಾ ಅಂತ್ಲೂ ಯಾರೂ ಕೇಳ್ನಿಲ್ಲ. ಬ್ಯಾಡ ಅನ್ನು ಅಂದ್ರು, ಅಂದೆ." ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿ, "ಎಂಟ್ ದಿನ ಕೊಡಿ. ಯೋಳ್ತೀನಿ" ಎಂದರು. ಹೊರಡುವಾಗ ಮೂವರಿಗೂ ಸುಲಿದ ಅವರೆಕಾಳು ಕಟ್ಟಿಕೊಟ್ಟರು, ತಮ್ಮನಿಗೆ ಒಂದು ಹಿಡಿ ಹೆಚ್ಚು. ಚೀಲ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು.

ಕಾರಿನಲ್ಲಿ ನಾನು ತಡೆಯಲಾರದೆ ಕೇಳಿಯೇಬಿಟ್ಟೆ: ನೀವು ಯಾರ ಪರ? ಅವರು ಬೇಸರಿಸಿಕೊಳ್ಳಲಿಲ್ಲ. "ನಿಮ್ಮ ಪರವೇ. ಗೊತ್ತಿಲ್ದೆ ಹಾಕಿದ ರುಜು ಗೊತ್ತಾಗೋ ತನಕ ಮಾತ್ರ ಗಟ್ಟಿ. ಆಕೆಗೋ ಆಕೆ ಮಕ್ಕಳಿಗೋ ಗೊತ್ತಾಗೋ ದಿನ ಬಂದೇ ಬರುತ್ತೆ, ಆಗ ಅವರು ಬರೋದು ನಿಮ್ಮ ಬಾಗಿಲಿಗೆ. ಇವತ್ತೇ ಗೊತ್ತಾಗಲಿ ಅಂದೆ" ಎಂದು ಹೇಳಿ, ಕಿಟಕಿಗೆ ತಲೆಯಾನಿಸಿ ಹುಣಸೂರಿನವರೆಗೂ ನಿದ್ದೆ ಮಾಡಿದರು. ಅವರ ಮಾತು ಸರಿ ಎಂದು ನನಗೆ ಗೊತ್ತಾಯಿತು, ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ. ಸರಿಯಾದ ಮಾತಿನ ಮೇಲೆ ಬರುವ ಸಿಟ್ಟು ಕರಗಲು ಹೆಚ್ಚು ಹೊತ್ತು ಬೇಕು, ಅದನ್ನು ಯಾರ ಮೇಲೂ ತೀರಿಸಿಕೊಳ್ಳುವಂತಿಲ್ಲ. ನಾನು ಆ ಸಂಜೆ ಹಿದಕಿದ ಬೇಳೆಯ ಸಾರು ಮಾಡಿದೆ. ಅವರೆಕಾಳನ್ನು ಒಂದೊಂದಾಗಿ ಹಿದುಕುವಾಗ ಸ್ವಲ್ಪ ಸಮಾಧಾನವಾಯಿತು.

ಆ ಎಂಟು ದಿನಗಳಲ್ಲಿ ನಾನು ಒಳ್ಳೆಯವಳಾಗಿರಲಿಲ್ಲ ಎಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ. ಸಾವಿತ್ರಮ್ಮ ಬೇಡ ಎನ್ನಲಿ, ಅರಿಶಿನ ಕುಂಕುಮವೇ ಸಾಕು ಎನ್ನಲಿ, ಊರು ಆಕೆಯನ್ನು ಒಳ್ಳೆಯವಳು ಎನ್ನಲಿ, ನನಗೆ ಮನೆ ಸಿಗಲಿ ಎಂದು ಬೇಡಿಕೊಂಡೆ. ಬೋರ್ಡಿನ ಮೇಲೆ ಸಮೀಕರಣ ಬಿಡಿಸುತ್ತಿದ್ದಾಗ ಒಮ್ಮೆ ಸ್ಕೂಟರಿನ ಸೀಟು ಕಣ್ಣ ಮುಂದೆ ಬಂತು. ಬೇಕಾ ಎಂದು ನನ್ನನ್ನೂ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬಹುಶಃ ಬೇಡ ಎನ್ನುತ್ತಿದ್ದೆ. ಆದರೆ ಆ ಬೇಡ ನನ್ನದಾಗಿರುತ್ತಿತ್ತು. ಅಂದಿನಿಂದ ನನ್ನ ಬೇಡಿಕೆ ಸ್ವಲ್ಪ ಬದಲಾಯಿತು. ಆಕೆ ಏನನ್ನಾದರೂ ಹೇಳಲಿ, ಬೇಗ ಹೇಳಲಿ ಎಂದುಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಸರೋಜಮ್ಮನವರ ಫೋನು. ಸಾವಿತ್ರಮ್ಮ ಕೋಟೆಯಲ್ಲಿ ಒಬ್ಬ ವಕೀಲರನ್ನು ಕಂಡಿದ್ದರು. ಅವರ ತೀರ್ಮಾನ ಚಿಕ್ಕದಾಗಿತ್ತು: ಅರ್ಧ ಪಾಲು ಬೇಕು, ಮತ್ತು ಮಾರಲು ಒಪ್ಪಿಗೆ ಇದೆ. ನಮಗೆ ಬೆಲೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ, ಬ್ಯಾಂಕಿನವರು ಎರಡು ಚೆಕ್ಕು ಬರೆಯಬೇಕಾಗಿತ್ತು, ಅಷ್ಟೆ. ವ್ಯತ್ಯಾಸವೆಲ್ಲ ಶಿವಣ್ಣನವರಿಗೆ. ಅವರು ಎರಡು ದಿನ ಗಿರಣಿಯ ಬಾಗಿಲು ತೆಗೆಯಲಿಲ್ಲ. ಮನೆ ಯಾರಿಗೂ ಮಾರುವುದಿಲ್ಲ ಎಂದರಂತೆ. ವಕೀಲ ಭಾವ ಹೋಗಿ ಸಮಾಧಾನ ಹೇಳಿದರು ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು, ಮನುಷ್ಯ ಒಳ್ಳೆಯವರು. ಮೂರನೆಯ ದಿನ ಶಿವಣ್ಣ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು.

"ನಮ್ಮಪ್ಪ ಅವ್ಳ್ ಯೆಸ್ರುನ್ನ ಬಾಗ್ಲ್ ಮ್ಯಾಲೇ ಕೆತ್ಸಿ ಮಡ್ಗವ್ನೆ" ಎಂದರು ಆಮೇಲೆ. "ದಿನಾ ಅದ್ರು ಕೆಳ್ಗೇ ಓಡಾಡ್ಕಂಡ್ ಬೆಳುದ್ನಲ್ಲ ಮೇಡಂ, ನಾನೇ ಓದ್ನಿಲ್ಲ." ಲೋಟ ಕೆಳಗಿಟ್ಟು, "ಬರ್ಸಿ ಕಾಗ್ದಾವ" ಎಂದು ಎದ್ದರು. ಆ ಮನುಷ್ಯನ ಮೇಲೆ ನನಗೆ ಅಂದು ಮೂಡಿದ ಗೌರವ ಈಗಲೂ ಇದೆ.

ಕ್ರಯಪತ್ರದ ಕರಡನ್ನು ಬರೆದವರು ಶಿವಣ್ಣನವರ ಕಡೆಯ ವಕೀಲರಾಗಿ ಭಾವ, ತಿದ್ದಿದವರು ನನ್ನ ಕಡೆಯ ವಕೀಲರಾಗಿ ಸರೋಜಮ್ಮ. ಯುಗಾದಿಗೆ ಒಂಬತ್ತು ದಿನ ಇರುವಾಗ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಸರೋಜಮ್ಮನವರ ಪದ್ಧತಿಯಂತೆ ಕರಡನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು, ಓದು ಬರುವವರಿದ್ದರೂ ಸರಿ. ಭಾವ ತಮ್ಮ ದೊಡ್ಡ ದನಿಯಲ್ಲಿ ಓದಿದರು. ಮಾರುವವರು ಶಿವಣ್ಣ ಎಂದು ಬ್ಯಾಂಕಿಗೆ ಮೊದಲೇ ಬರೆದುಕೊಟ್ಟಾಗಿದೆ, ಈಗ ಬದಲಾಯಿಸಿದರೆ ತಡವಾಗುತ್ತದೆ ಎಂದು ಅವರು ಸಾವಿತ್ರಮ್ಮನವರನ್ನು ಕೊನೆಯಲ್ಲಿ, ಒಪ್ಪಿಗೆ ಸಾಕ್ಷಿ ಎಂದು ಸೇರಿಸಿದ್ದರು. ಪಾಲಿನ ಹಣ ಹೇಗೂ ಸಿಗುತ್ತದೆ ಎಂಬುದು ಅವರ ವಾದ.

ಸಾವಿತ್ರಮ್ಮ ಕೈಯೆತ್ತಿ ಓದು ನಿಲ್ಲಿಸಿದರು. "ತಡೀರಿ ಸ್ವಾಮಿ. ಅಂಗಂದ್ರೆ ಮಾರೋನು ಅವ್ನು, ನಾನು ಊಂ ಅನ್ನೋಳಾ?"

"ಎಲ್ಡೂ ಒಂದೇ ಕಣಮ್ಮ" ಎಂದರು ಭಾವ.

"ಒಂದೇ ಆದ್ರೆ ಅವುನ್ನ ಊಂ ಅನ್ನೋನು ಅಂತ ಬರೀರಿ, ನನ್ನ ಮಾರೋಳು ಅಂತ ಬರೀರಿ."

ಮೊದಲು ನಕ್ಕವರು ಶಿವಣ್ಣ. ಭಾವ ನನ್ನ ಕಡೆ ನೋಡಿದರು. ಬದಲಾಯಿಸಿದರೆ ನಾಲ್ಕು ದಿನ ಮುಂದಕ್ಕೆ ಹೋಗುತ್ತದೆ, ಬ್ಯಾಂಕಿನ ಒಪ್ಪಿಗೆ ಮತ್ತೆ ಬರಬೇಕು, ಯುಗಾದಿಯ ವಾಯಿದೆ ಕುತ್ತಿಗೆಗೆ ಬರುತ್ತದೆ, ನೀನೇ ಹೇಳಮ್ಮ ಎಂದರು. ಸರೋಜಮ್ಮ ಕನ್ನಡಕ ಒರೆಸುತ್ತಾ ಕೂತಿದ್ದರು. ಇದನ್ನು ವಕೀಲರು ಹೇಳಿಕೊಡುವಂತಿರಲಿಲ್ಲ. ಬದಲಾಯಿಸಿ ಎಂದೆ. ಹೇಳಿದ ಮೇಲೆ ಬೆರಳು ಮಡಚಿ ಯುಗಾದಿಗೆ ಉಳಿದ ದಿನ ಎಣಿಸಿದೆ, ಸುಳ್ಳೇಕೆ ಹೇಳಲಿ.

ನೋಂದಣಿ ಕಚೇರಿಯಲ್ಲಿ ನಮ್ಮ ಸರದಿ ಬಂದದ್ದು ಯುಗಾದಿಗೆ ಮೂರು ದಿನ ಮುಂಚೆ, ಮಧ್ಯಾಹ್ನದ ಊಟದ ವಿರಾಮಕ್ಕೆ ಸ್ವಲ್ಪ ಮೊದಲು. ಹಾಳೆಯ ಮೇಲೆ ಮಾರುವವರು ಎಂಬಲ್ಲಿ ಮೊದಲನೆಯ ಹೆಸರು ಸಾವಿತ್ರಮ್ಮ, ಎರಡನೆಯದು ಶಿವಣ್ಣ. ಹಿರಿಯಳು ಮೊದಲಿರಲಿ ಎಂದು ಶಿವಣ್ಣನವರೇ ಹೇಳಿ ಬರೆಸಿದ್ದು. ಕ್ಯಾಮೆರಾದ ಮುಂದೆ ಕುರ್ಚಿಯಲ್ಲಿ ಸಾವಿತ್ರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅಧಿಕಾರಿ ತಲೆಯೆತ್ತದೆ, ಎಲ್ಲರನ್ನೂ ಕೇಳುವ ದನಿಯಲ್ಲಿ, ಯಾರ ಬಲವಂತವೂ ಇಲ್ಲದೆ ಮಾರುತ್ತಿದ್ದೀರಾ ಎಂದು ಕೇಳಿದರು. ಜನ ಸಾಮಾನ್ಯವಾಗಿ ಅದಕ್ಕೆ ಹೂಂ ಎನ್ನುತ್ತಾರೆ.

"ಮನೆ ನಂದು ಕಣಪ್ಪಾ" ಎಂದರು ಸಾವಿತ್ರಮ್ಮ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ನಾನೇ ಮಾರ್ತಾ ಇವ್ನಿ."

ಅಧಿಕಾರಿ ತಲೆಯೆತ್ತಿದರು. ಅದುವರೆಗೆ ಆಕೆಯ ಬಾಯಲ್ಲಿ ಅದು ಅಪ್ಪನ ಮನೆಯಾಗಿತ್ತು, ತಮ್ಮನ ಮನೆಯಾಗಿತ್ತು. ನನ್ನದು ಎಂದದ್ದು ನಾನು ಕೇಳಿದಂತೆ ಅದೇ ಮೊದಲು. ಆಕೆ ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ರುಜು ಹಾಕಿದರು. ಅದು ಒಣಗುವವರೆಗೆ ಹಾಳೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮುಂದಿನದು ಶಿವಣ್ಣನವರ ರುಜು, ಆಮೇಲೆ ನನ್ನದು, ಅದಾದರೆ ಮನೆಯೂ ನನ್ನದು. ಪೆನ್ನು ಕೊಡಿ ಎಂದು ನಾನು ಆಕೆಯನ್ನು ಅವಸರ ಮಾಡಲಿಲ್ಲ.